ಅಳಲಿನ ಒಳಗಿದ್ದ ಬೆಂಕಿ

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟ ತೆರೆದರೆ ದಿನಕ್ಕೊಂದಾದರೂ 'ಅಳಲು' ಸಿಗುತ್ತೆ. ಬೆಳೆ ಪರಿಹಾರ ಸಿಗದ ರೈತರ ಅಳಲು, ನಲ್ಲಿಯಲ್ಲಿ ನೀರು ಬಾರದ ಬಡಾವಣೆಯವರ ಅಳಲು, ಬಸ್ಸಿಲ್ಲದ ಊರಿನ ವಿದ್ಯಾರ್ಥಿಗಳ ಅಳಲು. ಮಂತ್ರಿಗಳು ಬಂದರಂತೂ ಜನ ಸಾಲಾಗಿ ನಿಂತು ಅವರ ಮುಂದೆ ಅಳಲು ತೋಡಿಕೊಳ್ಳುತ್ತಾರೆ. ಮಂತ್ರಿಗಳು ಭರವಸೆ ನೀಡುತ್ತಾರೆ. ಮಾರನೆಯ ವಾರ ಅದೇ ಅಳಲು, ಬೇರೆ ಊರು.

ಆದರೆ ಈ ಪದವನ್ನು ಬಾಯಿಬಿಟ್ಟು ಹೇಳಿದವರನ್ನು ನೀವು ಎಂದಾದರೂ ಕಂಡಿದ್ದೀರಾ? "ನಂಗೆ ತುಂಬಾ ಅಳಲಾಗ್ತಿದೆ ಕಣೋ" ಅಂತ ಯಾವ ಗೆಳೆಯನೂ ಫೋನು ಮಾಡಿದ್ದು ನನಗೆ ನೆನಪಿಲ್ಲ. ದುಃಖ ಅಂತೀವಿ, ಬೇಜಾರು ಅಂತೀವಿ, ಸಂಕಟ ಅಂತೀವಿ. ಹಳ್ಳಿ ಕಡೆ ಹೊಟ್ಟೆ ಉರೀತದೆ ಅಂತಾರೆ. ಅಳಲು ಮಾತ್ರ ಮನೆ ಬಿಟ್ಟು ಹೋಗಿ ತಲೆಬರಹದಲ್ಲಿ ಕೂತಿದೆ. ಅದೂ ತನ್ನ ಹಳೆಯ ಅರ್ಥದಲ್ಲಿ ಕೂತಿಲ್ಲ. ಈಗ ಅಳಲು ಅಂದರೆ ಒಂದು ರೀತಿಯ ಅರ್ಜಿ, ಮೌಖಿಕವಾಗಿ ಸಲ್ಲಿಸುವ ಅಹವಾಲು. ಒಬ್ಬರಿಗೆ ಅಳಲು ಇರುವಂತಿಲ್ಲ, ಒಂದು ಗುಂಪಿಗೇ ಇರಬೇಕು!

'ತೋಡಿಕೊಳ್ಳು' ಅನ್ನೋ ಕ್ರಿಯಾಪದವನ್ನೂ ನೋಡಿ. ತೋಡುವುದು ಬಾವಿಯನ್ನು. ಅಂದರೆ ಅಳಲು ನಮ್ಮ ಕಲ್ಪನೆಯಲ್ಲಿ ನೀರಿನ ಜಾತಿಗೆ ಸೇರಿಬಿಟ್ಟಿದೆ, ಒಳಗೆ ನಿಂತ ಕಣ್ಣೀರು, ಅಗೆದರೆ ಮೇಲೆ ಬರುತ್ತೆ. ಇದಕ್ಕೆ ಕಾರಣ ಪಕ್ಕದ ಮನೆಯ 'ಅಳು' ಇರಬೇಕು. "ಮಗು ಅಳಲು ಶುರು ಮಾಡಿತು" ಅನ್ನುವಾಗ ಬರುವ ಅಳಲು ವ್ಯಾಕರಣದ ಪ್ರಕಾರ ಬೇರೆಯೇ. ಅದು 'ಅಳು' ಧಾತುವಿಗೆ 'ಅಲು' ಸೇರಿ ಆದದ್ದು, ತಿನ್ನಲು, ಬರಲು ಇದ್ದ ಹಾಗೆ. ರೈತರ ಅಳಲು ಹಾಗಲ್ಲ, ಅದೊಂದು ನಾಮಪದ. ಎರಡೂ ಕಿವಿಗೆ ಒಂದೇ ಥರ ಕೇಳಿಸೋದರಿಂದ ಒಂದರ ಒದ್ದೆ ಇನ್ನೊಂದಕ್ಕೂ ಅಂಟಿಕೊಂಡಿದೆ.

ನಾಮಪದದ ಅಳಲು ಮೊದಲಿಗೆ ಒದ್ದೆಯಾಗಿರಲಿಲ್ಲ. ಅದು ಸುಡುತ್ತಿತ್ತು.

ನಾನು ಚೆನ್ನೈಗೆ ಬಂದು ಮೂವತ್ತು ವರ್ಷ ದಾಟಿತು. ಬಂದ ಹೊಸದರಲ್ಲಿ ಬಸ್ಸಿನ ಬೋರ್ಡು ಓದುವುದಕ್ಕೆಂದು ತಮಿಳು ಅಕ್ಷರ ಕಲಿತೆ, ಅದು ಇಷ್ಟು ದೂರ ಕರೆದುಕೊಂಡು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮಂಡಿ ನೋವು ಶುರುವಾಯಿತು. ಇಂಗ್ಲಿಷ್ ಔಷಧಿ ಸಾಕಾಗಿ, ಪಕ್ಕದ ಮನೆಯವರ ಒತ್ತಾಯಕ್ಕೆ ಒಬ್ಬ ಸಿದ್ಧ ವೈದ್ಯರ ಹತ್ತಿರ ಹೋದೆ. ಮಂಡಿ ಒತ್ತಿ ನೋಡಿ ಚೀಟಿಯ ಮೇಲೆ ತಮಿಳಿನಲ್ಲಿ ರೋಗದ ಹೆಸರು ಬರೆದರು: ಅೞಲ್ ಕೀಲ್ ವಾಯು. ಕೀಲ್ ಗೊತ್ತಾಯಿತು, ನಮ್ಮ ಕೀಲೇ. ವಾಯುವೂ ಗೊತ್ತು. ಅೞಲ್? ಮಂಡಿಗೆ ಎಂಥ ಅಳಲು ಸ್ವಾಮಿ? ಕೇಳಿದೆ. "ಅೞಲ್ ಅಂದರೆ ಬೆಂಕಿ, ನಿಮ್ಮ ಆಯುರ್ವೇದದವರು ಪಿತ್ತ ಅಂತಾರಲ್ಲ, ಅದು" ಅಂದರು. ಸಿದ್ಧ ವೈದ್ಯದಲ್ಲಿ ವಾತ, ಪಿತ್ತ, ಕಫಗಳಿಗೆ ಅಚ್ಚ ತಮಿಳಿನ ಹೆಸರುಗಳಿವೆ: ವಳಿ, ಅೞಲ್, ಐಯಂ. ವಳಿ ಗಾಳಿ, ಅೞಲ್ ಬೆಂಕಿ. ಹಳೆಯ ತಮಿಳಿನಲ್ಲಿ ಅೞಲ್ ನಾಮಪದವಾದರೆ ಉರಿ, ಜ್ವಾಲೆ. ಕ್ರಿಯಾಪದವಾದರೆ ಉರಿಯುವುದು, ಬೇಯುವುದು.

(ಮಂಡಿ ಈಗ ಪರವಾಗಿಲ್ಲ, ಕೇಳುವವರಿಗಾಗಿ.)

ಮಲಯಾಳದಲ್ಲಿ ಇದೇ ಅೞಲ್ ಕವಿತೆಯ ಪದ, ಅರ್ಥ ದುಃಖ. ತಾಪ ಎಂಬ ಅರ್ಥವೂ ಅದಕ್ಕಿದೆ, ಅಂದರೆ ಅಲ್ಲಿ ಎರಡೂ ಒಂದೇ ಪದದೊಳಗೆ ಜೊತೆಯಾಗಿ ಕೂತಿವೆ. ತಮಿಳಿನಲ್ಲಿ ಬೆಂಕಿ, ಮಲಯಾಳದಲ್ಲಿ ಬೆಂಕಿ ಮತ್ತು ದುಃಖ, ಕನ್ನಡದಲ್ಲಿ ದುಃಖ. ಮೂರನ್ನೂ ಸಾಲಾಗಿ ಇಟ್ಟರೆ ಪದ ನಡೆದು ಬಂದ ದಾರಿ ಕಾಣಿಸುತ್ತೆ. ಭಾಷಾವಿಜ್ಞಾನಿಗಳು ದ್ರಾವಿಡ ಭಾಷೆಗಳ ಧಾತುಗಳನ್ನು ವಿಂಗಡಿಸುವಾಗ ಅಳುವುದನ್ನೂ ಉರಿಯುವುದನ್ನೂ ಬೇರೆ ಬೇರೆ ಗೂಡಿನಲ್ಲಿ ಇಡುತ್ತಾರೆ. ಒಂದು ಅೞು, ಇನ್ನೊಂದು ಅೞಲ್.

ಈ ೞ ಅಕ್ಷರದ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗೋದಿಲ್ಲ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ನಾಲಿಗೆ ಸುರುಳಿ ಸುತ್ತಿ ಹೇಳುವ ಸದ್ದು ಇದೆಯಲ್ಲ, ಅದೇ ಇದು. ಕನ್ನಡಕ್ಕೂ ಇತ್ತು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ 'ಬಾಳ್ಗೞ್ಚು' ಅಂತ ಒಂದು ಪದ ಬರುತ್ತೆ, ಕತ್ತಿ ತೊಳೆದು ಕೊಟ್ಟ ದತ್ತಿ. ಬಾಳ್ ಅಂದರೆ ಕತ್ತಿ, ಅದರಲ್ಲಿ ಮಾಮೂಲಿ ಳ. ಕೞ್ಚು ಅಂದರೆ ತೊಳೆ, ಅದರಲ್ಲಿ ೞ. ಒಂದೇ ಪದದಲ್ಲಿ ಎರಡು ಅಕ್ಷರ, ಕೆತ್ತಿದವನಿಗೆ ಗೊಂದಲವೇ ಇಲ್ಲ! ಅವನ ಕಿವಿಗೆ ಅವೆರಡೂ ಕ ಮತ್ತು ಗ ಇದ್ದಷ್ಟು ಬೇರೆ.

ಎಂಟುನೂರು ವರ್ಷ ಕಳೆದು, ಸುಮಾರು 1260ರಲ್ಲಿ, ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಪರಿಸ್ಥಿತಿ ಬದಲಾಗಿತ್ತು. ಕನ್ನಡದ ಳಕಾರಗಳನ್ನು ಅವನು ರಳ, ಕುಳ, ಕ್ಷಳ ಅಂತ ವಿಂಗಡಿಸುತ್ತಾನೆ. ರಳ ಅಂದರೆ ನಮ್ಮ ೞ. ಯಾವ ಯಾವ ಪದಗಳಲ್ಲಿ ರಳ ಇದೆ ಅಂತ ಪಟ್ಟಿಯನ್ನೂ ಕೊಡುತ್ತಾನೆ. ಪಟ್ಟಿ ಕೊಡಬೇಕಾದ ಗತಿ ಯಾಕೆ ಬಂತು ಅಂತ ಯೋಚಿಸಿ. ಬಾಯಲ್ಲಿ ಇರುವ ಸದ್ದಿಗೆ ಯಾರೂ ಪಟ್ಟಿ ಮಾಡೋದಿಲ್ಲ. ಕೇಶಿರಾಜನಿಗೆ ಸಾಹಿತ್ಯ ಮನೆತನದ ಆಸ್ತಿ. ಅಪ್ಪ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಎಂಬ ಸಂಕಲನ ಮಾಡಿದವನು, ಸೋದರಮಾವ 'ಯಶೋಧರಚರಿತೆ'ಯ ಜನ್ನ. ಊಟದ ಹೊತ್ತಿನಲ್ಲಿ ಕೂಡ ಅವರ ಮನೆಯಲ್ಲಿ ಪ್ರಾಸದ ಚರ್ಚೆ ನಡೆದಿರಬಹುದು ಅಂತ ನನ್ನ ಊಹೆ. ಹಳಗನ್ನಡ ಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರ ಹೊಂದಬೇಕು. ೞಕ್ಕೆ ೞವೇ ಆಗಬೇಕು, ಳ ತಂದಿಟ್ಟರೆ ದೋಷ. ಅೞಲ್ ಎಂಬ ಪದ ಆಗ ಪೞ, ಮೞೆ, ಬೞಲ್ ಇವುಗಳ ಸಂಗಾತಿ. ಕಳ, ತಳ, ಬಳೆಗಳ ಪಂಕ್ತಿಯಲ್ಲಿ ಅದಕ್ಕೆ ಜಾಗವಿಲ್ಲ. ಸದ್ದು ಬಾಯಿಂದ ಹೋದ ಮೇಲೆ ಕವಿಗಳು ಪಂಕ್ತಿಭೇದ ಬಿಟ್ಟರು. ಕೇಶಿರಾಜ ಅದನ್ನು ತಡೆಯಲು ನೋಡಿದ, ಆಗಲಿಲ್ಲ.

ಹೋದ ಸದ್ದು ಪೂರ್ತಿ ಹೋಗಲೂ ಇಲ್ಲ, ಇದು ನನಗೆ ಬಹಳ ಇಷ್ಟವಾದ ಭಾಗ. ಆಳು ಅನ್ನೋದು ಆಳಿದ ಆಗುತ್ತೆ. ಹಾಗಾದರೆ ಅಳು ಯಾಕೆ 'ಅಳಿದ' ಆಗದೆ 'ಅತ್ತ' ಆಗುತ್ತೆ? ಬೀಳು ಯಾಕೆ ಬಿದ್ದ, ಏಳು ಯಾಕೆ ಎದ್ದ? ಈ ಮೂರರಲ್ಲೂ ಇದ್ದದ್ದು ೞ. ವ್ಯಂಜನದ ಮುಂದೆ ೞ ಬಂದಾಗ ಅದು ಮೊದಲು ರ್ ಆಯಿತು, ಆಮೇಲೆ ಮುಂದಿನ ಅಕ್ಷರದಲ್ಲಿ ಕರಗಿತು. ಬಿೞ್ದು, ಬಿರ್ದು, ಬಿದ್ದು. ಗೞ್ದೆ, ಗರ್ದೆ, ಗದ್ದೆ. ಮಗು ಬಿದ್ದು ಅತ್ತು ಎದ್ದಾಗ ಒಂದು ಸತ್ತ ಅಕ್ಷರ ಮೂರು ಸಲ ಹಾದುಹೋಗಿರುತ್ತೆ. ಅಮ್ಮಂದಿರಿಗೆ ಅದರ ಪರಿವೆ ಇರಬೇಕಾಗಿಲ್ಲ ಬಿಡಿ.

ಸ್ವರದ ಮುಂದೆ ಇದ್ದಲ್ಲಿ ಅದು ಸುಮ್ಮನೆ ಳ ಆಯಿತು. ಕೊೞಲ್ ಕೊಳಲಾಯಿತು. ನೆೞಲ್ ನೆಳಲಾಗಿ, ಆಮೇಲೆ ತಿರುಗುಮುರುಗಾಗಿ ನೆರಳಾಯಿತು. ಪೊೞಲ್ ಅಂದರೆ ಪಟ್ಟಣ. ಪಟ್ಟದಕಲ್ಲಿಗೆ ಹಳೆಯ ಹೆಸರು ಕಿಸುವೊೞಲ್, ಕೆಂಪು ಪಟ್ಟಣ. ರನ್ನ ಹುಟ್ಟಿದ ಮುಧೋಳ ಮುದುವೊೞಲ್. ತೆಲುಗಿನವರು ೞವನ್ನು ಡ ಮಾಡಿಕೊಂಡರು. ನಮ್ಮ ಏಳು ಅವರಿಗೆ ಏಡು, ನಮ್ಮ ಕೋಳಿ ಅವರಿಗೆ ಕೋಡಿ. ಹಳೆಯ ತೆಲುಗಿನಲ್ಲಿ 'ಅಡಲು' ಅಂತ ಒಂದು ಪದವಿದೆ, ಶೋಕ ಅಂತ ಅರ್ಥ. ಯಾರ ಮನೆಯ ಹುಡುಗಿ ಅಂತ ಮುಖ ನೋಡಿದರೆ ಗೊತ್ತಾಗುತ್ತೆ.

ನಮ್ಮ ಮಹಡಿಯಲ್ಲೇ ನಿವೃತ್ತ ತಮಿಳು ಮೇಷ್ಟರೊಬ್ಬರಿದ್ದಾರೆ, ವಾದ್ಯಾರ್ ಅಂತಲೇ ಎಲ್ಲರೂ ಕರೆಯೋದು. ಇದನ್ನೆಲ್ಲ ಅವರಿಗೆ ಹೇಳಿದೆ. "ನಿಮ್ಮವರು ಎಂಟುನೂರು ವರ್ಷದ ಹಿಂದೆ ಕಳಕೊಂಡರು, ನಮ್ಮವರು ಈಗ ಕಳಕೊಳ್ತಿದಾರೆ ಸಾರ್" ಅಂತ ನಕ್ಕರು. ನಿಜ. ಮಧುರೆಯಿಂದ ದಕ್ಷಿಣಕ್ಕೆ, ಇಲ್ಲಿ ಚೆನ್ನೈಯ ಬೀದಿಯಲ್ಲೂ, ಬಾಳೆಹಣ್ಣು ಮಾರುವವರು ಪಳಂ ಅಂತಲೇ ಕೂಗೋದು. ಪೞಂ ಅನ್ನೋರು ಟೀವಿಯ ವಾರ್ತೆಯವರು ಮತ್ತು ವಾದ್ಯಾರ್.

ಈಗ ಬೆಂಕಿಗೆ ಬರೋಣ. ಉರಿಯುವ ವಸ್ತುವಿನ ಹೆಸರು ದುಃಖಕ್ಕೆ ಬಂದದ್ದು ನಮ್ಮಲ್ಲಿ ಮಾತ್ರ ನಡೆದ ವಿಚಿತ್ರವೇ? ಸಂಸ್ಕೃತದ ಶೋಕವನ್ನು ತೆಗೆದುಕೊಳ್ಳಿ. ಅದು 'ಶುಚ್' ಧಾತುವಿನಿಂದ ಬಂದದ್ದು, ವೇದಗಳ ಕಾಲದಲ್ಲಿ ಅದಕ್ಕೆ ಹೊಳೆ, ಉರಿ ಅಂತ ಅರ್ಥ. ಶುಚಿ, ಶುಕ್ರ ಎಲ್ಲ ಅದೇ ಬಳ್ಳಿಯ ಕಾಯಿ. ಉರಿಯುವುದು ಶುಚಿಯೂ ಆಯಿತು, ಶೋಕವೂ ಆಯಿತು. ಇನ್ನು ಸಂತಾಪ ಅಂದರೆ ನೇರವಾಗಿ ಕಾವು. ಸಂತಾಪ ಸೂಚಕ ಸಭೆಯಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲುವಾಗ ನಾವು ಬೇಯುತ್ತಿದ್ದೇವೆ ಅಂತ ಲೆಕ್ಕ. (ಮೇ ತಿಂಗಳ ಚೆನ್ನೈಯಲ್ಲಿ ಅದು ಅಕ್ಷರಶಃ ಸತ್ಯ.) ಕನ್ನಡದ್ದೇ ಪದಗಳನ್ನು ನೋಡಿದರೂ ಬೇಗೆ, ಕುದಿ, ಒಡಲುರಿ, ನೊಂದು ಬೆಂದ ಜೀವ. ತೆಲುಗಿನಲ್ಲಿ ನೀರು 'ಮರುಗು'ತ್ತದೆ, ಅಂದರೆ ಕುದಿಯುತ್ತದೆ. ಕನ್ನಡದಲ್ಲಿ ಮನಸ್ಸು ಮರುಗುತ್ತದೆ. ಅಕ್ಕಮಹಾದೇವಿಯ ವಚನಗಳಲ್ಲೂ ಬೆಂಕಿ ಕಾಣದೆ ಸುಡುವ ತಾಪದ ಮಾತಿದೆ. ಕಣ್ಣೀರಿನಿಂದ ಹುಟ್ಟಿದ ಪದಗಳು ಇದರ ಮುಂದೆ ಕಮ್ಮಿಯೇ. ದುಃಖ ಒದ್ದೆ ಅನ್ನೋದು ನೋಡುವವರ ಅನುಭವ, ಕಣ್ಣೀರು ಕಾಣಿಸೋದು ಅವರಿಗೆ. ಒಳಗಿರುವವರಿಗೆ ಅದು ಬಿಸಿ. ಇದು ನನ್ನ ಅಭಿಪ್ರಾಯ, ಪಂಡಿತರು ಒಪ್ಪಬೇಕು ಅಂತೇನಿಲ್ಲ.

ಈ ಮಾತಿಗೆ ತಮಿಳಿನ 'ಶಿಲಪ್ಪದಿಕಾರಂ'ಗಿಂತ ದೊಡ್ಡ ಸಾಕ್ಷಿ ಬೇಡ. ಕಥೆ ಗೊತ್ತಿರುವಂಥದ್ದೇ. ಕಾಲಂದುಗೆ ಮಾರಲು ಮಧುರೆಗೆ ಬಂದ ಕೋವಲನ್ ಮೇಲೆ ರಾಣಿಯ ಕಾಲಂದುಗೆ ಕದ್ದ ಆಪಾದನೆ ಬಂತು, ಪಾಂಡ್ಯ ರಾಜ ವಿಚಾರಿಸದೆ ಕೊಲ್ಲಿಸಿದ. ಹೆಂಡತಿ ಕಣ್ಣಗಿ ಉಳಿದ ಒಂಟಿ ಕಾಲಂದುಗೆ ಹಿಡಿದು ಆಸ್ಥಾನಕ್ಕೆ ಬಂದಳು. ರಾಣಿಯ ಕಾಲಂದುಗೆಯಲ್ಲಿ ಇದ್ದದ್ದು ಮುತ್ತು, ಕಣ್ಣಗಿಯದರಲ್ಲಿ ಮಾಣಿಕ್ಯ. ಒಡೆದಾಗ ಮಾಣಿಕ್ಯ ಚಿಮ್ಮಿತು, ರಾಜ ಅಲ್ಲೇ ಸತ್ತ. ಅಷ್ಟಕ್ಕೇ ಅವಳಿಗೆ ಸಾಲಲಿಲ್ಲ. ತನ್ನ ಎದೆಯನ್ನೇ ಕಿತ್ತು ನಗರದ ಮೇಲೆ ಎಸೆದಳು, ಮಧುರೆ ಹೊತ್ತಿಕೊಂಡಿತು. ಅಗ್ನಿದೇವ ಬಂದು ಅಪ್ಪಣೆ ಕೇಳಿದಾಗ ವೃದ್ಧರನ್ನೂ ಮಕ್ಕಳನ್ನೂ ಬಿಟ್ಟುಬಿಡು ಅಂದಳು. ಊರು ಉರಿಯುವ ಈ ಭಾಗದ ಹೆಸರು 'ಅೞಱ್ಪಡು ಕಾದೈ'. ತಮಿಳಿನವರು ಅದನ್ನು ಬೆಂಕಿ ಬಿದ್ದ ಕಥೆ ಅಂತ ಓದುತ್ತಾರೆ. ಹಳಗನ್ನಡ ಬಲ್ಲವರೊಬ್ಬರ ಮುಂದೆ ಈ ಹೆಸರು ಮಾತ್ರ ಇಟ್ಟರೆ ಅವರು ಶೋಕಪಟ್ಟ ಕಥೆ ಅಂತ ಓದಬಹುದು. ಯಾವುದು ತಪ್ಪು? ಗಂಡನ ಹೆಣ ನೋಡಿ ಬಂದ ಹೆಂಗಸಿನ ಒಳಗಿದ್ದದ್ದು ಹೊರಗೆ ಬಂದು ಊರನ್ನು ಹಿಡಿಯಿತು, ಎರಡಕ್ಕೂ ಒಂದೇ ಹೆಸರು.

ಆ ಕಣ್ಣಗಿ ಮರೀನಾ ಕಡಲ ದಂಡೆಯಲ್ಲಿ ಕೈಯಲ್ಲಿ ಕಾಲಂದುಗೆ ಎತ್ತಿ ಹಿಡಿದು ನಿಂತಿದ್ದಾಳೆ. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ ಪ್ರತಿಮೆ. 2001ರ ಡಿಸೆಂಬರಿನಲ್ಲಿ ತೆಗೆದರು, ಊರೆಲ್ಲ ಗಲಾಟೆ, 2006ರಲ್ಲಿ ಮತ್ತೆ ತಂದು ನಿಲ್ಲಿಸಿದರು. ನಡುವಿನ ವರ್ಷಗಳಲ್ಲಿ ಸಂಜೆ ವಾಕಿಂಗಿಗೆ ಹೋದಾಗ ಖಾಲಿ ಜಾಗ ನೋಡಿ ಏನೋ ಕಳವಳ ಆಗುತ್ತಿತ್ತು, ನನ್ನ ಭಾಷೆಯವಳಲ್ಲದಿದ್ದರೂ.

ನಮ್ಮ ಕಾವ್ಯಗಳಲ್ಲಿ ಈ ಬಿಸಿ ಎಲ್ಲಿ ಅಂತ ಕೇಳಿದರೆ ನಾನು ರನ್ನನ ಕಡೆ ಕೈ ತೋರಿಸುತ್ತೇನೆ. 949ರಲ್ಲಿ ಹುಟ್ಟಿದವನು. 'ಗದಾಯುದ್ಧ'ದಲ್ಲಿ ಅವನ ನಾಯಕ ಭೀಮ, ಅಂದರೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯ. ಆದರೆ ಓದಿ ಮುಗಿಸಿದವರ ಜೊತೆ ಮನೆಗೆ ಬರುವವನು ದುರ್ಯೋಧನ. ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣರು ಬಿದ್ದಿದ್ದಾರೆ. ಶತ್ರುವಿನ ಮಗ ಅಭಿಮನ್ಯು ಬಿದ್ದಿದ್ದಾನೆ, ಅವನ ಮುಂದೆ ನಿಂತು ಮೆಚ್ಚಿ ಕೈಮುಗಿಯುತ್ತಾನೆ. ಸ್ವಂತ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕೊನೆಗೆ ಕರ್ಣ. ಪ್ರತಿಯೊಬ್ಬರ ಬಳಿಯೂ ನಿಲ್ಲುತ್ತಾನೆ, ಒಬ್ಬೊಬ್ಬರಿಗೂ ಬೇರೆ ಮಾತು. ತೋಡಿಕೊಳ್ಳಲು ಅವನಿಗೆ ಯಾವ ಮಂತ್ರಿಯೂ ಇಲ್ಲ, ಕೇಳುವವರೆಲ್ಲ ಸತ್ತಿದ್ದಾರೆ. ಅೞಲ್ ಎಂಬ ಪದದ ಅರ್ಥವನ್ನು ಯಾರಿಗಾದರೂ ಹೇಳಿಕೊಡಬೇಕಾದರೆ ನಿಘಂಟು ಮುಚ್ಚಿಟ್ಟು ಈ ನಡಿಗೆಯನ್ನು ಓದಿಸಬೇಕು. ಮುಂದೆ ಅವನು ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗುತ್ತಾನೆ. ದಡದಿಂದ ಭೀಮ ಕೂಗಿ ಹಂಗಿಸಿದಾಗ ನೀರಿನೊಳಗಿದ್ದೂ ಬೆವರುತ್ತಾನೆ! ಅದು ಸಿಟ್ಟಿನ ಬೆವರು ಅಂತ ರನ್ನ ಹೇಳುತ್ತಾನೆ, ಹೌದು. ಆದರೆ ಹೆಣಗಳ ನಡುವೆ ನಡೆದು ಬಂದ ಮೈ ಅದು. ಅಷ್ಟು ಹೊತ್ತಿಗೆ ಸಿಟ್ಟು ಯಾವುದು ದುಃಖ ಯಾವುದು ಅಂತ ಬೇರ್ಪಡಿಸಲು ನನ್ನಿಂದಾಗದು.

ರನ್ನನ ನಂತರ ಐದು ಶತಮಾನ ಸರಿದರೆ ಕುಮಾರವ್ಯಾಸ. ಅವನ ಭಾಮಿನಿ ಷಟ್ಪದಿಯಲ್ಲಿ ಅಕ್ಷರ ಅಳಲು ಎಂದೇ ಆಗಿದೆ, ಬಳ ತಳಗಳ ಜೊತೆ ಧಾರಾಳವಾಗಿ ಪ್ರಾಸ ಕೂಡುತ್ತದೆ. ಅಲ್ಲಿ ಅದು ಕ್ರಿಯಾಪದವಾಗಿಯೂ ಓಡಾಡುತ್ತದೆ, ಜನ ಅಳಲುತ್ತಾರೆ. ಅಳಲು, ಬಳಲು, ತೊಳಲು ಮೂರೂ ಮೂಲದಲ್ಲಿ ೞ ಇದ್ದ ಪದಗಳು, ಒಟ್ಟಿಗೇ ಅಕ್ಷರ ಕಳೆದುಕೊಂಡು ಒಟ್ಟಿಗೇ ಕಾವ್ಯದಲ್ಲಿ ಉಳಿದವು. ಬಳಲು ಮತ್ತು ತೊಳಲು ಇವತ್ತಿಗೂ ಕ್ರಿಯಾಪದಗಳೇ. ಜ್ವರದಿಂದ ಬಳಲುತ್ತಾನೆ, ಕಷ್ಟದಲ್ಲಿ ತೊಳಲುತ್ತಾನೆ ಅಂತೀವಿ. ಅಳಲಿಗೆ ಮಾತ್ರ ಆ ಶಕ್ತಿ ಹೋಯಿತು. 'ಅವಳು ಅಳಲಿದಳು' ಅಂತ ಬರೆದರೆ ಪ್ರೂಫ್ ನೋಡುವವರು 'ಅಳತೊಡಗಿದಳು' ಅಂತ ತಿದ್ದಿಯಾರು. ಕ್ರಿಯಾಪದ ಹೋದ ದಿನವೇ ಪದದ ಒಳಗಿನ ಕೆಂಡ ಆರಿತು ಅಂತ ನನಗನ್ನಿಸುತ್ತೆ. ಬರೀ ನಾಮಪದ ಉಳಿದರೆ ಅದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ತಲೆಬರಹದಲ್ಲಿ ಇಡಬಹುದು.

ಕಿಟೆಲ್ಲರ 1894ರ ನಿಘಂಟಿನಲ್ಲಿ ಹಳೆಯ ಪದಗಳಿಗೆ ೞ, ಱ ಎರಡನ್ನೂ ಉಳಿಸಿಕೊಂಡಿದ್ದಾರೆ. ಜರ್ಮನಿಯಿಂದ ಬಂದವರಿಗೆ ಇದ್ದ ಆ ಎಚ್ಚರ ಕಂಪ್ಯೂಟರಿನವರಿಗೆ ಇರಲಿಲ್ಲ. ಯೂನಿಕೋಡಿನಲ್ಲಿ ೞ ಇದೆ, ಆದರೆ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್ಎ', ಅಂದರೆ ಫ! ಯಾರೋ ಎಡವಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಅನ್ನೋದು ಅಲ್ಲಿನ ನಿಯಮ, ಹಾಗಾಗಿ ಅದು ಹಾಗೇ ಇದೆ.

ಇಷ್ಟೆಲ್ಲ ಕೆದಕಲು ಒಂದು ಕಾರಣವೂ ಇತ್ತು. ಇಲ್ಲಿಯ ನಮ್ಮ ಕನ್ನಡ ಬಳಗದ ಹಳೆಯ ಗೆಳೆಯರೊಬ್ಬರು ತೀರಿಕೊಂಡರು. ಹದಿಮೂರನೆಯ ದಿನದ ಕಾರ್ಡಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ ಅಂತ ಅವರ ಮಗ ಕೇಳಿದ. ದುಃಖತಪ್ತ ಕುಟುಂಬ ಅನ್ನೋದು ಎಲ್ಲರೂ ಹಾಕುವ ಮಾತು, ನನಗೆ ಅದು ಬೇಡವಾಗಿತ್ತು. 'ಅಳಲು' ಅಂತ ಸೇರಿಸಿ ಕಳಿಸಿದೆ. ಸಂಜೆ ಹುಡುಗ ಫೋನು ಮಾಡಿದ. "ಅಂಕಲ್, ಅಳಲು ಅಂದ್ರೆ ಕಂಪ್ಲೇಂಟ್ ಅಲ್ವಾ? ಪೇಪರಲ್ಲಿ ಹಾಗೇ ಬರುತ್ತೆ. ಅಮ್ಮ ಯಾರ ಮೇಲೆ ಕಂಪ್ಲೇಂಟ್ ಮಾಡ್ತಾರೆ?" ಅವನದು ಇಲ್ಲೇ ಹುಟ್ಟಿ, ಇಲ್ಲೇ ತಮಿಳು ಓದಿದ ಬಾಯಿ. ಕೇಶಿರಾಜನನ್ನೆಲ್ಲ ಹೇಳುತ್ತ ಕೂರಲಿಲ್ಲ. "ತಮಿಳಿನ ಅೞಲ್ ಕಣೋ" ಅಂದೆ, ನನ್ನ ನಾಲಿಗೆಗೆ ಸರಿಯಾಗಿ ಹೊರಳಲಿಲ್ಲ. "ಓ, ಅೞಲ್! ನೆರುಪ್ಪು" ಅಂದ, ಆ ಅಕ್ಷರವನ್ನು ಹಲ್ಮಿಡಿಯವರೂ ಮೆಚ್ಚುವ ಹಾಗೆ ಹೇಳಿದ. ಆಮೇಲೆ ಫೋನು ಕೆಳಗಿಡದೆಯೇ ಒಳಗೆ ಹೋಗಿ ಅಮ್ಮನಿಗೆ ಏನೋ ಹೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಸದ್ದಿಲ್ಲ. "ಅಮ್ಮ ಅದನ್ನೇ ಇರಲಿ ಅಂತಿದಾರೆ ಅಂಕಲ್" ಅಂದ.

ಹಾಗಾದರೆ ೞ ಹಾಕಿಯೇ ಮಾಡಿಸು ಅಂತ ಹೇಳಿದೆ. ಕಾರ್ಡು ಮಾಡುವವನ ಫಾಂಟಿನಲ್ಲಿ ಆ ಅಕ್ಷರ ಇರಲಿಲ್ಲ, ಚೌಕಟ್ಟಿನ ಡಬ್ಬಿಯೊಂದು ಬರುತ್ತಿತ್ತಂತೆ. ಅಳಲು ಎಂದೇ ಅಚ್ಚಾಯಿತು.